ಎಂಎಲ್‌ಎ, ಎಂಪಿ ಸೀಟು ಖಾಲಿಯಾದರೆ ಬೈ ಎಲೆಕ್ಷನ್ ಯಾವಾಗ? ಆರು ತಿಂಗಳ ಲೆಕ್ಕ ಹೀಗಿದೆ

ಶಾಸಕರೊಬ್ಬರು ತೀರಿಕೊಂಡ ಸುದ್ದಿ ಬಂದು ವಾರ ಕಳೆಯುವಷ್ಟರಲ್ಲಿ, ಟಿಕೆಟ್ ಯಾರಿಗೆ ಅನ್ನೋ ಚರ್ಚೆ ಹೋಟೆಲ್ ಟೇಬಲ್‌ಗೆ ಬಂದಿರುತ್ತೆ. ಚುನಾವಣೆ ನಡೆಯುತ್ತಾ, ನಡೆದರೆ ಯಾವಾಗ ಅನ್ನೋದು ಮಾತ್ರ ಬಹಳ ಜನಕ್ಕೆ ಸ್ಪಷ್ಟ ಇರಲ್ಲ. ಆರು ತಿಂಗಳೊಳಗೆ ಮಾಡಲೇಬೇಕು ಅಂತ ಒಬ್ಬರು, ಸರ್ಕಾರಕ್ಕೆ ಮನಸ್ಸು ಬಂದಾಗ ಮಾಡ್ತಾರೆ ಅಂತ ಇನ್ನೊಬ್ಬರು. ಎರಡೂ ಪೂರ್ತಿ ಸರಿಯಲ್ಲ. ಸೀಟು ಖಾಲಿಯಾದ ದಿನ ಅಂತ ಯಾವ ತಾರೀಕು ದಾಖಲಾಗುತ್ತೆ ಅನ್ನೋದರ ಮೇಲೆ ಎಲ್ಲ ನಿಂತಿರುತ್ತೆ. ಆ ತಾರೀಕು ಒಂದು ತಿಂಗಳು ಆಚೀಚೆ ಆದರೆ ಇಡೀ ಕ್ಷೇತ್ರಕ್ಕೆ ಮತ ಹಾಕುವ ಅವಕಾಶವೇ ತಪ್ಪಿಹೋಗಬಹುದು.

ಕರ್ನಾಟಕಕ್ಕೆ ಸಿಕ್ಕಿತು, ಆಂಧ್ರಕ್ಕೆ ಸಿಗಲಿಲ್ಲ

ಇದಕ್ಕೆ 2018ಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆ ವರ್ಷದ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಮೂವರು ಸಂಸದರು ಶಾಸಕರಾಗಿ ಗೆದ್ದರು. ಶಿವಮೊಗ್ಗ ಸಂಸದ ಬಿ.ಎಸ್. ಯಡಿಯೂರಪ್ಪ ಶಿಕಾರಿಪುರದಿಂದ, ಬಳ್ಳಾರಿ ಸಂಸದ ಬಿ. ಶ್ರೀರಾಮುಲು ಮೊಳಕಾಲ್ಮುರಿನಿಂದ, ಮಂಡ್ಯ ಸಂಸದ ಸಿ.ಎಸ್. ಪುಟ್ಟರಾಜು ಮೇಲುಕೋಟೆಯಿಂದ. ಮೂವರೂ ಲೋಕಸಭೆ ಸ್ಥಾನ ಬಿಟ್ಟರು. ಮೂರೂ ಸೀಟು ಮೇ ತಿಂಗಳಲ್ಲೇ ಖಾಲಿಯಾದವು.

ಅದೇ ಸಮಯದಲ್ಲಿ ವಿಶೇಷ ಸ್ಥಾನಮಾನಕ್ಕೆ ಒತ್ತಾಯಿಸಿ ಆಂಧ್ರಪ್ರದೇಶದ ವೈಎಸ್‌ಆರ್ ಕಾಂಗ್ರೆಸ್ಸಿನ ಐವರು ಸಂಸದರು ರಾಜೀನಾಮೆ ಕೊಟ್ಟರು. ಅವರ ಸೀಟು ಖಾಲಿ ಅಂತ ದಾಖಲಾಗಿದ್ದು ಜೂನ್ 20ಕ್ಕೆ. ಆ ಲೋಕಸಭೆಯ ಅವಧಿ ಮುಗಿಯಬೇಕಿದ್ದದ್ದು 2019ರ ಜೂನ್ 3ಕ್ಕೆ.

ಮೇ ತಿಂಗಳಿಂದ ಲೆಕ್ಕ ಹಾಕಿದರೆ ಒಂದು ವರ್ಷಕ್ಕಿಂತ ಕೆಲವೇ ದಿನ ಜಾಸ್ತಿ. ಜೂನ್ 20ರಿಂದ ಹಾಕಿದರೆ ಒಂದು ವರ್ಷಕ್ಕೆ ಕಡಿಮೆ. ಅಷ್ಟೇ ವ್ಯತ್ಯಾಸ. ನಮ್ಮ ಮೂರು ಕ್ಷೇತ್ರಗಳಲ್ಲಿ ನವೆಂಬರ್ 3ಕ್ಕೆ ಮತದಾನ ಆಯ್ತು. ಆಂಧ್ರದ ಐದು ಕ್ಷೇತ್ರಗಳು ಮುಂದಿನ ಲೋಕಸಭಾ ಚುನಾವಣೆವರೆಗೆ ಸಂಸದರಿಲ್ಲದೆ ಉಳಿದವು.

ಗೆದ್ದವರಿಗೆ ಸಿಕ್ಕಿದ್ದಾದರೂ ಎಷ್ಟು? ಶಿವಮೊಗ್ಗದಲ್ಲಿ ಬಿ.ವೈ. ರಾಘವೇಂದ್ರ, ಬಳ್ಳಾರಿಯಲ್ಲಿ ವಿ.ಎಸ್. ಉಗ್ರಪ್ಪ, ಮಂಡ್ಯದಲ್ಲಿ ಎಲ್.ಆರ್. ಶಿವರಾಮೇಗೌಡ ಗೆದ್ದು ದೆಹಲಿಗೆ ಹೋದರು. ಒಂದು ಚಳಿಗಾಲದ ಅಧಿವೇಶನ, ಒಂದು ಬಜೆಟ್ ಅಧಿವೇಶನ. 2019ರ ಏಪ್ರಿಲ್‌ನಲ್ಲಿ ಮತ್ತೆ ಮತಗಟ್ಟೆ ತೆರೆಯಿತು. ಇಷ್ಟಕ್ಕೆ ಇಷ್ಟೊಂದು ಖರ್ಚು ಬೇಕಿತ್ತಾ ಅಂತ ಆಗ ಎಲ್ಲರೂ ಕೇಳಿದ್ದರು. ಕಾನೂನು ಪ್ರಕಾರ ಆಯೋಗಕ್ಕೆ ಬೇರೆ ದಾರಿ ಇರಲಿಲ್ಲ.

ಅದೇ ನವೆಂಬರ್ 12ಕ್ಕೆ ಬೆಂಗಳೂರು ದಕ್ಷಿಣದ ಸಂಸದ, ಕೇಂದ್ರ ಸಚಿವ ಅನಂತಕುಮಾರ್ ನಿಧನರಾದರು. ಅಲ್ಲಿ ಬೈ ಎಲೆಕ್ಷನ್ ಆಗಲಿಲ್ಲ. ಉಳಿದದ್ದು ಏಳು ತಿಂಗಳೂ ಇರಲಿಲ್ಲ.

ಕಾನೂನು ಹೇಳೋದೇನು?

1951ರ ಪ್ರಜಾಪ್ರತಿನಿಧಿ ಕಾಯ್ದೆಗೆ 1996ರಲ್ಲಿ 151ಎ ಅನ್ನೋ ಕಲಂ ಸೇರಿಸಲಾಯಿತು. ಅದರ ಪ್ರಕಾರ ಸೀಟು ಖಾಲಿಯಾದ ದಿನದಿಂದ 6 ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ಎರಡು ವಿನಾಯಿತಿ ಇದೆ. ಆ ಸ್ಥಾನದ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಈ ನಿಯಮ ಅನ್ವಯಿಸಲ್ಲ. ಇಲ್ಲವೇ, ಈ ಗಡುವಿನಲ್ಲಿ ಚುನಾವಣೆ ನಡೆಸೋದು ಕಷ್ಟ ಅಂತ ಚುನಾವಣಾ ಆಯೋಗ ಕೇಂದ್ರ ಸರ್ಕಾರದ ಜತೆ ಸಮಾಲೋಚಿಸಿ ದೃಢೀಕರಿಸಬೇಕು.

ಗಮನಿಸಬೇಕಾದ್ದು: ಒಂದು ವರ್ಷದ ಲೆಕ್ಕ ಹಾಕೋದು ಸೀಟು ಖಾಲಿಯಾದ ದಿನದಿಂದ. ಆಯೋಗ ಚುನಾವಣೆ ಘೋಷಿಸುವ ದಿನದಿಂದ ಅಲ್ಲ.

ಈಗಿನ ಕರ್ನಾಟಕ ವಿಧಾನಸಭೆ ಮೊದಲು ಸೇರಿದ್ದು 2023ರ ಮೇ ತಿಂಗಳಲ್ಲಿ. ಮಧ್ಯೆ ವಿಸರ್ಜನೆ ಆಗದಿದ್ದರೆ ಅವಧಿ 2028ರ ಮೇ ವರೆಗೆ. ಹಾಗಾಗಿ 2027ರ ಮೇ ಕಳೆದ ಮೇಲೆ ಯಾವುದೇ ಎಂಎಲ್‌ಎ ಸೀಟು ಖಾಲಿಯಾದರೂ ಉಪಚುನಾವಣೆ ಕಡ್ಡಾಯವಲ್ಲ. ಈಗಿನ ಲೋಕಸಭೆ 2024ರ ಜೂನ್‌ನಲ್ಲಿ ಸೇರಿದ್ದರಿಂದ ಎಂಪಿ ಸೀಟಿಗೆ ಆ ಗೆರೆ 2028ರ ಜೂನ್.

ಬೈ ಎಲೆಕ್ಷನ್ನಿನಲ್ಲಿ ಗೆದ್ದವರಿಗೆ ಹೊಸದಾಗಿ ಐದು ವರ್ಷ ಸಿಗಲ್ಲ. ಸದನಕ್ಕೆ ಉಳಿದಷ್ಟೇ ದಿನ ಅವರಿಗೂ.

ಖಾಲಿಯಾದ ದಿನ ಯಾವುದು?

ಸಾವಿನ ವಿಷಯದಲ್ಲಿ ಗೊಂದಲ ಇಲ್ಲ, ನಿಧನರಾದ ದಿನವೇ. ರಾಜೀನಾಮೆಯಲ್ಲೇ ಕಥೆ ಇರೋದು. ಪತ್ರ ಬರೆದು ಟಿವಿ ಕ್ಯಾಮೆರಾ ಮುಂದೆ ತೋರಿಸಿದರೆ, ಪಕ್ಷದ ಅಧ್ಯಕ್ಷರಿಗೋ ರಾಜ್ಯಪಾಲರಿಗೋ ಕೊಟ್ಟರೆ ಸೀಟು ಖಾಲಿ ಆಗಲ್ಲ. ಸ್ವಂತ ಸಹಿಯ ಪತ್ರ ಸ್ಪೀಕರ್‌ಗೆ ತಲುಪಬೇಕು, ಅವರು ಅಂಗೀಕರಿಸಬೇಕು. ಬೆದರಿಸಿ ರಾಜೀನಾಮೆ ಬರೆಸಿಕೊಳ್ಳುವ ಹಾವಳಿ ತಡೆಯೋಕೆ 1974ರಲ್ಲಿ ಸಂವಿಧಾನಕ್ಕೆ 33ನೇ ತಿದ್ದುಪಡಿ ಬಂತು. ರಾಜೀನಾಮೆ ಸ್ವಇಚ್ಛೆಯದ್ದಲ್ಲ, ಅಸಲಿ ಅಲ್ಲ ಅನ್ನಿಸಿದರೆ ಸ್ಪೀಕರ್ ಅದನ್ನು ಒಪ್ಪುವಂತಿಲ್ಲ.

ಮಂತ್ರಿಗಿರಿಗೆ ರಾಜೀನಾಮೆ ಕೊಡೋದೇ ಬೇರೆ. ಮಂತ್ರಿ, ಮುಖ್ಯಮಂತ್ರಿ ಹುದ್ದೆ ಬಿಟ್ಟವರು ಎಂಎಲ್‌ಎ ಆಗಿಯೇ ಇರ್ತಾರೆ. ಅಲ್ಲಿ ಬೈ ಎಲೆಕ್ಷನ್ ಪ್ರಶ್ನೆಯೇ ಬರಲ್ಲ.

ಎರಡು ಕ್ಷೇತ್ರದಲ್ಲಿ ಗೆದ್ದವರು 14 ದಿನದೊಳಗೆ ಒಂದನ್ನು ಬಿಡಬೇಕು, ಇಲ್ಲದಿದ್ದರೆ ಎರಡೂ ಹೋಗುತ್ತೆ. 2018ರಲ್ಲಿ ಎಚ್.ಡಿ. ಕುಮಾರಸ್ವಾಮಿ ಚನ್ನಪಟ್ಟಣ ಇಟ್ಟುಕೊಂಡು ರಾಮನಗರ ಬಿಟ್ಟಿದ್ದು ಹೀಗೆ. ಶಾಸಕರಾಗಿದ್ದು ಎಂಪಿ ಆಗಿ ಗೆದ್ದವರಿಗೂ 14 ದಿನವೇ ಗಡುವು. ಅಷ್ಟರಲ್ಲಿ ಎಂಎಲ್‌ಎ ಸ್ಥಾನ ಬಿಡದಿದ್ದರೆ ಎಂಪಿ ಸ್ಥಾನ ಹೋಗುತ್ತೆ. 2024ರಲ್ಲಿ ಕುಮಾರಸ್ವಾಮಿ ಮಂಡ್ಯದಿಂದ, ಬಸವರಾಜ ಬೊಮ್ಮಾಯಿ ಹಾವೇರಿಯಿಂದ, ಇ. ತುಕಾರಾಂ ಬಳ್ಳಾರಿಯಿಂದ ಲೋಕಸಭೆಗೆ ಹೋದರು. ಅದಕ್ಕೇ ಚನ್ನಪಟ್ಟಣ, ಶಿಗ್ಗಾವಿ, ಸಂಡೂರಿನ ಜನ ನವೆಂಬರ್ 13ಕ್ಕೆ ಮತ್ತೆ ಸಾಲಲ್ಲಿ ನಿಂತರು.

ಕೋರ್ಟು ಎರಡು ವರ್ಷ ಅಥವಾ ಹೆಚ್ಚು ಜೈಲು ಶಿಕ್ಷೆ ಕೊಟ್ಟರೂ ಸ್ಥಾನ ಹೋಗುತ್ತೆ. ಆದರೆ ಮೇಲಿನ ಕೋರ್ಟು ತಡೆದರೆ ವಾಪಸ್ ಬರುತ್ತೆ. 2025ರಲ್ಲಿ ಗಂಗಾವತಿ ಶಾಸಕ ಜಿ. ಜನಾರ್ದನ ರೆಡ್ಡಿ ವಿಷಯದಲ್ಲಿ ಆಗಿದ್ದು ಅದೇ. ಮೇನಲ್ಲಿ ಅನರ್ಹತೆ, ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಆದೇಶದ ಮೇಲೆ ಸದಸ್ಯತ್ವ ವಾಪಸ್.

ಮಸ್ಕಿ ಕಾದಿದ್ದು ಇಪ್ಪತ್ತು ತಿಂಗಳಿಗೂ ಹೆಚ್ಚು

ಆರು ತಿಂಗಳು ಅಂತ ಬರೆದಿದ್ದರೂ ಎಲ್ಲ ಕಡೆ ಅದು ನಡೆದಿಲ್ಲ. 2019ರ ಜುಲೈನಲ್ಲಿ ಮೈತ್ರಿ ಸರ್ಕಾರ ಬಿದ್ದಾಗ 17 ಶಾಸಕರು ಅನರ್ಹಗೊಂಡರು. 15 ಕ್ಷೇತ್ರಗಳಿಗೆ ಡಿಸೆಂಬರ್ 5ಕ್ಕೆ ಚುನಾವಣೆ ಆಯ್ತು. ರಾಯಚೂರು ಜಿಲ್ಲೆಯ ಮಸ್ಕಿ, ಬೆಂಗಳೂರಿನ ರಾಜರಾಜೇಶ್ವರಿನಗರ ಮಾತ್ರ ಬಿಟ್ಟುಹೋದವು. ಎರಡು ಕ್ಷೇತ್ರಗಳ 2018ರ ಫಲಿತಾಂಶ ಪ್ರಶ್ನಿಸಿದ ತಕರಾರು ಅರ್ಜಿ ಹೈಕೋರ್ಟಿನಲ್ಲಿತ್ತು. ಮಸ್ಕಿಯಲ್ಲಿ ಆಗ ಗೆಲುವಿನ ಅಂತರ ಬರೀ 213 ಮತ. ಸೋತವರೇ ಗೆದ್ದವರು ಅಂತ ಕೋರ್ಟು ಹೇಳುವ ಸಾಧ್ಯತೆ ಇದ್ದಾಗ ಅದೇ ಸೀಟಿಗೆ ಇನ್ನೊಂದು ಚುನಾವಣೆ ಮಾಡೋದು ಹೇಗೆ ಅನ್ನೋದು ಸಮಸ್ಯೆ.

ರಾಜರಾಜೇಶ್ವರಿನಗರಕ್ಕೆ 2020ರ ನವೆಂಬರ್ 3ಕ್ಕೆ ಮತದಾನ ಆಯ್ತು, ಮಸ್ಕಿಗೆ 2021ರ ಏಪ್ರಿಲ್ 17ಕ್ಕೆ. ಕೋವಿಡ್ ಬಂದು ಹೋಗಿ ಮತ್ತೆ ಬರುವಷ್ಟರವರೆಗೆ ಮಸ್ಕಿಗೆ ಎಂಎಲ್‌ಎ ಇರಲಿಲ್ಲ. ಅದೇ ದಿನ ಮತದಾನ ನಡೆದ ಬೆಳಗಾವಿ ಲೋಕಸಭೆ, ಬಸವಕಲ್ಯಾಣ ವಿಧಾನಸಭೆ ಸೀಟುಗಳೂ 2020ರ ಸೆಪ್ಟೆಂಬರ್‌ನಲ್ಲೇ ಖಾಲಿಯಾಗಿದ್ದವು. ಅಲ್ಲೂ ಆರು ತಿಂಗಳು ದಾಟಿತ್ತು.

ಎಂಎಲ್‌ಎ ಇಲ್ಲದಿದ್ದರೆ ತಾಲೂಕು ನಿಂತುಹೋಗಲ್ಲ. ತಹಶೀಲ್ದಾರ್ ಇರ್ತಾರೆ, ಇಒ ಇರ್ತಾರೆ, ಸಂಬಳ ಪಿಂಚಣಿ ಬರುತ್ತೆ. ಆದರೆ ಬಗರ್‌ಹುಕುಂ ಸಕ್ರಮೀಕರಣ ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು. ತಾಲೂಕು ಮಟ್ಟದ ಕೆಡಿಪಿ ಸಭೆಯಲ್ಲಿ ಅಧಿಕಾರಿಗಳನ್ನು ಕೂರಿಸಿ ಲೆಕ್ಕ ಕೇಳುವವರೂ ಅವರೇ. ರಸ್ತೆ, ಕುಡಿಯೋ ನೀರಿನ ವಿಷಯ ಸದನದಲ್ಲಿ ಎತ್ತೋಕೆ ಆ ಕ್ಷೇತ್ರದ ಹೆಸರಲ್ಲಿ ಯಾರೂ ಇರಲ್ಲ. ಜಮೀನಿನ ಅರ್ಜಿ ಹಾಕಿ ಕಾಯ್ತಿರೋ ರೈತನಿಗೆ ಇದು ಸಣ್ಣ ಮಾತಲ್ಲ.

ಪುಣೆಯಲ್ಲಿ ಇದೇ ಕೋರ್ಟಿಗೆ ಹೋಯಿತು. ಸಂಸದ ಗಿರೀಶ್ ಬಾಪಟ್ 2023ರ ಮಾರ್ಚ್ 29ಕ್ಕೆ ನಿಧನರಾದಾಗ ಅವಧಿ ಒಂದು ವರ್ಷಕ್ಕಿಂತ ಹೆಚ್ಚೇ ಉಳಿದಿತ್ತು. ಬೇರೆ ಚುನಾವಣೆಗಳ ಕೆಲಸ ಇದೆ ಅನ್ನೋದು ಆಯೋಗದ ವಾದ. ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ, ಕೂಡಲೇ ಚುನಾವಣೆ ನಡೆಸಿ ಅಂತ ಡಿಸೆಂಬರ್‌ನಲ್ಲಿ ಹೇಳಿತು. ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಪುಣೆಯವರು ಮತ ಹಾಕಿದ್ದು 2024ರ ಸಾರ್ವತ್ರಿಕ ಚುನಾವಣೆಯಲ್ಲೇ.

ಮನೆಯವರಿಗೇ ಸೀಟಾ?

ತೀರಿಕೊಂಡವರ ಪತ್ನಿಗೋ ಮಗನಿಗೋ ಟಿಕೆಟ್ ಕೊಟ್ಟರೆ ಅನುಕಂಪದ ಮೇಲೆ ಗೆಲ್ತಾರೆ ಅನ್ನೋದು ಹಳೇ ನಂಬಿಕೆ. ಗುಂಡ್ಲುಪೇಟೆಯಲ್ಲಿ 2017ರಲ್ಲಿ ಗೀತಾ ಮಹದೇವಪ್ರಸಾದ್ ಗೆದ್ದರು, ಜಮಖಂಡಿಯಲ್ಲಿ 2018ರಲ್ಲಿ ಆನಂದ ನ್ಯಾಮಗೌಡ ಗೆದ್ದರು. ಬೆಳಗಾವಿಯಲ್ಲಿ ಮಂಗಲಾ ಅಂಗಡಿ ಗೆದ್ದರೂ ಅಂತರ ತೀರಾ ಕಡಿಮೆ. ಆದರೆ ಶಿರಾದಲ್ಲಿ, ಬಸವಕಲ್ಯಾಣದಲ್ಲಿ ದಿವಂಗತ ಶಾಸಕರ ಪತ್ನಿಯರು ಸೋತರು. ಮತದಾರ ಕಣ್ಣೀರನ್ನಷ್ಟೇ ನೋಡಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. 2018ರಲ್ಲಿ ಜಯನಗರದಲ್ಲಿ ಬಿಜೆಪಿ ಅಭ್ಯರ್ಥಿ ಬಿ.ಎನ್. ವಿಜಯಕುಮಾರ್ ಮತದಾನಕ್ಕೆ ಮುಂಚೆಯೇ ನಿಧನರಾಗಿದ್ದರಿಂದ ಜೂನ್‌ನಲ್ಲಿ ಮತದಾನ ಆಯ್ತು. ಅದು ಬೈ ಎಲೆಕ್ಷನ್ ಅಲ್ಲ, ಮುಂದೂಡಿದ ಚುನಾವಣೆ.

ರಾಜ್ಯಸಭೆ, ಬೇರೆ ದೇಶ

ರಾಜ್ಯಸಭೆ ಸೀಟು ಖಾಲಿಯಾದರೆ ಜನ ಮತ ಹಾಕಲ್ಲ, ಎಂಎಲ್‌ಎಗಳು ಹಾಕ್ತಾರೆ. ರಾಯಚೂರಿನ ಅಶೋಕ್ ಗಸ್ತಿ 2020ರಲ್ಲಿ ಆಯ್ಕೆಯಾಗಿ ಕೆಲವೇ ತಿಂಗಳಲ್ಲಿ ತೀರಿಕೊಂಡಾಗ ಆ ಜಾಗಕ್ಕೆ ಕೆ. ನಾರಾಯಣ್ ಅವಿರೋಧವಾಗಿ ಬಂದರು. ಉಳಿದ ಅವಧಿಗೆ ಮಾತ್ರ.

ಹೊರದೇಶಗಳಲ್ಲಿ ಪದ್ಧತಿ ಬೇರೆ ಬೇರೆ. ಬ್ರಿಟನ್ನಿನಲ್ಲಿ ನಮ್ಮ ಹಾಗೇ ಬೈ ಎಲೆಕ್ಷನ್, ಆದರೆ ಗಡುವು ಕಾನೂನಿನಲ್ಲಿಲ್ಲ, ಸಂಪ್ರದಾಯದಲ್ಲಿದೆ. ಜರ್ಮನಿಯಲ್ಲಿ ಬೈ ಎಲೆಕ್ಷನ್ ಗೊಡವೆ ಇಲ್ಲದೆ ಪಕ್ಷದ ಪಟ್ಟಿಯಲ್ಲಿ ಮುಂದಿನ ಹೆಸರಿನವರು ಬಂದು ಕೂರುತ್ತಾರೆ. ಅಮೆರಿಕದಲ್ಲಿ ಕೆಳಮನೆಗೆ ಚುನಾವಣೆಯೇ ಆಗಬೇಕು, ಸೆನೆಟ್‌ಗೆ ಹೆಚ್ಚಿನ ರಾಜ್ಯಗಳಲ್ಲಿ ಗವರ್ನರ್ ತಾತ್ಕಾಲಿಕವಾಗಿ ನೇಮಿಸಬಹುದು. ಪಟ್ಟಿ ಪದ್ಧತಿಯಲ್ಲಿ ಖರ್ಚು ಉಳಿಯುತ್ತೆ ನಿಜ. ಆದರೆ ಮಧ್ಯದಲ್ಲಿ ಸರ್ಕಾರಕ್ಕೆ ಬಿಸಿ ಮುಟ್ಟಿಸುವ ಅವಕಾಶ ಜನಕ್ಕೆ ಇರಲ್ಲ.

ಅಂಗಡಿಯವರಿಗೆ ಗೊತ್ತಿರಬೇಕಾದ್ದು

ಅಧಿಸೂಚನೆ ಹೊರಟ ಮೇಲೆ ನಾಮಪತ್ರಕ್ಕೆ 7 ದಿನ, ಮಾರನೇ ದಿನ ಪರಿಶೀಲನೆ, ಅದಾಗಿ 2 ದಿನಕ್ಕೆ ವಾಪಸ್ ಪಡೆಯುವ ಕೊನೇ ದಿನ. ಅಲ್ಲಿಂದ ಕನಿಷ್ಠ 14 ದಿನ ಬಿಟ್ಟು ಮತದಾನ.

ನೀತಿ ಸಂಹಿತೆ ಆಯೋಗ ದಿನಾಂಕ ಘೋಷಿಸಿದ ಗಳಿಗೆಯಿಂದಲೇ ಜಾರಿ. ಕ್ಷೇತ್ರ ರಾಜಧಾನಿ ಅಥವಾ ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿದ್ದರೆ ಆ ಕ್ಷೇತ್ರಕ್ಕಷ್ಟೇ. ಬೇರೆ ಕಡೆ ಆದರೆ ಇಡೀ ಜಿಲ್ಲೆಗೆ. ಪಕ್ಕದ ತಾಲೂಕಿನಲ್ಲಿ ಬೈ ಎಲೆಕ್ಷನ್ ಬಂದರೆ ನಮ್ಮ ತಾಲೂಕಿನಲ್ಲಿ ಗುದ್ದಲಿ ಪೂಜೆ ಯಾಕೆ ನಿಂತಿತು ಅನ್ನೋರಿಗೆ ಉತ್ತರ ಇಲ್ಲಿದೆ.

ಸಂತೆಗೆ, ಸರಕು ತರೋಕೆ 50 ಸಾವಿರಕ್ಕಿಂತ ಹೆಚ್ಚು ನಗದು ಒಯ್ಯುವವರು ಬಿಲ್, ಬ್ಯಾಂಕ್ ಚೀಟಿ ಜತೆಗಿಟ್ಟುಕೊಳ್ಳಬೇಕು. ಚೆಕ್‌ಪೋಸ್ಟ್‌ನಲ್ಲಿ ಹಿಡಿದರೆ ದಾಖಲೆ ತೋರಿಸಿ ಬಿಡಿಸಿಕೊಳ್ಳೋಕೆ ಜಿಲ್ಲಾ ಮಟ್ಟದ ಸಮಿತಿ ಇರುತ್ತೆ. ಕ್ಷೇತ್ರದಲ್ಲಿ ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಮದ್ಯದಂಗಡಿ ಬಂದ್, ಎಣಿಕೆ ದಿನವೂ ಬಂದ್. ಮತದಾನದ ದಿನ ಆ ಕ್ಷೇತ್ರದ ಮತದಾರರಾದ ಕೆಲಸಗಾರರಿಗೆ ಸಂಬಳ ಸಹಿತ ರಜೆ ಕೊಡಬೇಕು. ದಿನಗೂಲಿಯವರಿಗೂ ಅದು ಅನ್ವಯಿಸುತ್ತೆ, ಅಂಗಡಿ ಎಷ್ಟು ಸಣ್ಣದಿದ್ದರೂ.

ಗ್ರಾಮ ಪಂಚಾಯಿತಿ, ಪುರಸಭೆ ಸದಸ್ಯರ ಸ್ಥಾನ ಖಾಲಿಯಾದರೆ ಈ ಕಾಯ್ದೆ ಬರಲ್ಲ. ಅದನ್ನು ನಡೆಸೋದು ರಾಜ್ಯ ಚುನಾವಣಾ ಆಯೋಗ.