ಅಪ್ಪಯ್ಯನ ಚಾಕು ಮತ್ತು ಉಕ್ಕಿನ ಕಥೆ

ಕೈಲ್ ಮುಹೂರ್ತದ ದಿನ ನಮ್ಮ ಮನೆಯಲ್ಲಿ ಪೂಜೆಗಿಡುವ ಕೋವಿ, ಒಡಿಕತ್ತಿ, ಪೀಚೆಕತ್ತಿಗಳ ಸಾಲಿನ ತುದಿಯಲ್ಲಿ ಒಂದು ಮಡಚುವ ಚಾಕೂ ಇರುತ್ತಿತ್ತು. ಅದು ಅಪ್ಪಯ್ಯನದು. ಕರಿಮೆಣಸಿನ ಬಳ್ಳಿ ಕಟ್ಟುವ ಹಗ್ಗ ಕೊಯ್ಯಲು, ಕಿತ್ತಳೆ ಸುಲಿಯಲು, ಬಾಳೆಲೆ ಕತ್ತರಿಸಲು ಎಲ್ಲಕ್ಕೂ ಅದೇ. ಮಸೆದು ಮಸೆದು ಅಲಗು ಗರಿಕೆಯಂತಾಗಿತ್ತು. ಹಿಡಿ ಮಾತ್ರ ಗಟ್ಟಿಯಾಗಿತ್ತು.

ನಿವೃತ್ತನಾದ ವರ್ಷ ಹೊಸ ಅಲಗು ಹಾಕಿಸಲು ಅದನ್ನು ಕುಲುಮೆಗೆ ಒಯ್ದೆ. "ಲಾರಿ ಸ್ಪ್ರಿಂಗ್ ಪ್ಲೇಟು ಹಾಕಲೇ, ಹಳೆಯ ಅರ ಹಾಕಲೇ, ಮೇಷ್ಟ್ರೇ?" ಎಂದು ಆ ವೃದ್ಧರು ಕೇಳಿದರು. ನಮ್ಮ ಮಳೆಗಾಲದ ತುಕ್ಕಿಗೆ ಹೆದರಿದ ನಾನು ಎರಡನ್ನೂ ಬಿಟ್ಟು ಸ್ಟೇನ್‌ಲೆಸ್ ತಗಡನ್ನೇ ಹಾಕಿಸಿದೆ. ಇತಿಹಾಸ ಪಾಠ ಮಾಡಿದವನು ಹಾಗೆ ಮಾಡಬಾರದಿತ್ತು.

ಏಕೆಂದರೆ ಉಕ್ಕಿನ ವಿದ್ಯೆ ನಮ್ಮ ನೆರೆಯಲ್ಲೇ ಬೆಳೆದದ್ದು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಅಲ್ಲಿ ಉಕ್ಕು ಮಾಡುತ್ತಿದ್ದ ರೀತಿಯನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ ಹಾಕಿ ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಕಡ್ಡಿಯ ಇಂಗಾಲವನ್ನು ಹೀರಿ ಮೆದು ಕಬ್ಬಿಣ ಉಕ್ಕಾಗುತ್ತಿತ್ತು. ಇಂಗ್ಲಿಷರು ಇಂಥ ಉಕ್ಕನ್ನು 'ವೂಟ್ಸ್' ಎಂದರು. ನಮ್ಮ 'ಉಕ್ಕು' ಎಂಬ ಮಾತೇ ಅವರ ಬಾಯಲ್ಲಿ ಹಾಗಾಯಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ ಕಳುಹಿಸಿದ ವೂಟ್ಸ್ ತುಂಡುಗಳ ಮೇಲೆ ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಮಂಡಿಸಿದ. ಆ ಪರೀಕ್ಷೆಗೆಂದು ಸ್ಟೋಡರ್ಟ್ ಎಂಬ ಲಂಡನ್ನಿನ ಕುಶಲಕರ್ಮಿ ವೂಟ್ಸಿನಿಂದ ಮಾಡಿದ್ದು ಏನು ಗೊತ್ತೇ? ಖಡ್ಗವಲ್ಲ, ಗರಿಲೇಖನಿ ಹೆರೆಯುವ ಸಣ್ಣ ಚಾಕು!

ಇದರಲ್ಲೊಂದು ವಿಷಯವಿದೆ. ವೂಟ್ಸಿನಲ್ಲಿ ಇಂಗಾಲ ಸುಮಾರು ನೂರಕ್ಕೆ ಒಂದೂವರೆ ಪಾಲು. ಲಾರಿ ಸ್ಪ್ರಿಂಗಿನಲ್ಲಿ ಅರ್ಧ ಪಾಲಿಗೆ ತುಸು ಹೆಚ್ಚು. ಒಳ್ಳೆಯ ಅರದಲ್ಲಿ ಒಂದಕ್ಕೂ ಮೇಲೆ. ಮದುವೆಯಲ್ಲಿ ಬಾಳೆದಿಂಡು ಕಡಿಯುವ, ಕಾಡು ಸವರುವ ಒಡಿಕತ್ತಿಗೆ ಪೆಟ್ಟು ತಾಳುವ ಗುಣ ಬೇಕು. ಅದಕ್ಕೆ ಸ್ಪ್ರಿಂಗ್ ಪ್ಲೇಟೇ ಸರಿ. ಜೇಬಿನ ಚಾಕು ಪೆಟ್ಟು ತಿನ್ನುವುದಿಲ್ಲ. ಅದಕ್ಕೆ ಬೇಕಾದದ್ದು ತೆಳ್ಳಗಿನ, ಬಾಳುವ ಹರಿತ. ಆ ಮಟ್ಟಿಗೆ ಹಳೆಯ ಅರವೇ ವೂಟ್ಸಿನ ಸಮೀಪದ ಬಂಧು.

ನನ್ನ ಹೊಳೆಯುವ ತಗಡು ವಾರದೊಳಗೆ ಮೊಂಡಾಯಿತು. ಸ್ಟೇನ್‌ಲೆಸ್ಸಿನಲ್ಲೂ ಉತ್ತಮ ಜಾತಿಗಳಿವೆ, ಅದನ್ನು ಹಳಿಯಲಾರೆ; ಪಾತ್ರೆಗೆ ತಕ್ಕ ತಗಡನ್ನು ಚಾಕುವಿಗೆ ಹಾಕಿಸಿದ್ದು ನನ್ನ ತಪ್ಪು. ತಲೆ ತಗ್ಗಿಸಿ ಮತ್ತೆ ಕುಲುಮೆಗೆ ಹೋದೆ. ವೃದ್ಧರು ನಗಲಿಲ್ಲ. ಅರವನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಟ್ಟು ಮೆದುಗೊಳಿಸಿದರು. ಮರುದಿನ ಬಡಿದು, ಹೆರೆದು, ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರು. ಆಗ ಅದು ಗಾಜಿನಂತೆ ಪೆಡಸು. ಉಜ್ಜಿ ಬೆಳ್ಳಗೆ ಮಾಡಿ ಹದವಾಗಿ ಬಿಸಿ ಮಾಡುತ್ತಾ, ಒಣಹುಲ್ಲಿನ ಬಣ್ಣ ಬಂದ ಗಳಿಗೆಯಲ್ಲೇ ತಣಿಸಿದರು. "ನೀಲಿಗೆ ಹೋದರೆ ಸ್ಪ್ರಿಂಗಿಗಾಯಿತು, ಚಾಕುವಿಗಲ್ಲ" ಎಂದರು. ಅವರ ಬಳಿ ಉಷ್ಣಮಾಪಕವಿರಲಿಲ್ಲ. ಒಣಹುಲ್ಲಿನ ಬಣ್ಣ ಬರುವುದು ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂದು ನಾನು ಆಮೇಲೆ ಪುಸ್ತಕದಲ್ಲಿ ಓದಿದೆ.

ಆ ಕುಲುಮೆ ಈಗಿಲ್ಲ. ಚಾಕು ನನ್ನ ಜೇಬಿನಲ್ಲಿದೆ. ಕಿತ್ತಳೆಯ ಹುಳಿಗೆ ಅಲಗು ಕಪ್ಪಾಗಿದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಸವರುತ್ತೇನೆ.