ಟ್ಯಾಕ್ ಪಾಲಿಮರೇಸ್

ಥರ್ಮಸ್ ಅಕ್ವಾಟಿಕಸ್ ಎಂಬ ಉಷ್ಣಪ್ರಿಯ ಬ್ಯಾಕ್ಟೀರಿಯಾದಿಂದ ದೊರೆತ, ಡಿಎನ್‌ಎ ಎಳೆಗಳನ್ನು ನಕಲು ಮಾಡುವ ಕಿಣ್ವ. ಸುಮಾರು 95° ಸೆ. ಬಿಸಿಯನ್ನೂ ಹಲವು ನಿಮಿಷ ತಾಳಿಕೊಳ್ಳುತ್ತದೆ. ಡಿಎನ್‌ಎಯನ್ನು ಸುತ್ತು ಸುತ್ತಾಗಿ ಕಾಯಿಸಿ ತಣಿಸಿ ಹಲವು ಪಟ್ಟು ನಕಲು ಮಾಡುವ ಪಿಸಿಆರ್ ಪರೀಕ್ಷೆ ನಿಂತಿರುವುದು ಈ ಗುಣದ ಮೇಲೆ.

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಮಶ್ರೂಮ್ ಸ್ಪ್ರಿಂಗ್ ಬುಗ್ಗೆಯಿಂದ 1966ರಲ್ಲಿ ತಂದ ಮಾದರಿಯಲ್ಲಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಈ ಜೀವಿಯನ್ನು ಬೆಳೆಸಿದರು. ವಿವರಣೆ ಪ್ರಕಟವಾದದ್ದು 1969ರಲ್ಲಿ. ಹಿಂದಿನವರು 55° ಸೆ. ಆಸುಪಾಸಿನಲ್ಲೇ ಕಾವು ಕೊಡುತ್ತಿದ್ದರಿಂದ, 70° ಬೇಡುವ ಜೀವಿ ಅವರ ಕೈಗೆ ಸಿಕ್ಕಿರಲಿಲ್ಲ.

ಕಿಣ್ವವನ್ನು ಮೊದಲು ಬೇರ್ಪಡಿಸಿದವರು ಯಾರು ಎಂಬಲ್ಲಿ ಜನಪ್ರಿಯ ಬರಹಗಳು ಎಡವುತ್ತವೆ. ಕ್ಯಾರಿ ಮುಲ್ಲಿಸ್ 1983ರಲ್ಲಿ ಪಿಸಿಆರ್ ರೂಪಿಸಿದ ಸೀಟಸ್ ಕಂಪನಿಗೇ ಅವು ಆ ಶ್ರೇಯವನ್ನೂ ಕೊಡುತ್ತವೆ. ಆದರೆ ಸಿನ್ಸಿನ್ನಾಟಿ ವಿಶ್ವವಿದ್ಯಾಲಯದ ಆಲಿಸ್ ಚಿಯೆನ್, ಡೇವಿಡ್ ಎಡ್ಗರ್, ಜಾನ್ ಟ್ರೆಲಾ 1976ರಲ್ಲೇ ಅದನ್ನು ಶುದ್ಧೀಕರಿಸಿ ಪ್ರಕಟಿಸಿದ್ದರು. 1980ರಲ್ಲಿ ಸೋವಿಯತ್ ತಂಡವೊಂದೂ ಪ್ರಕಟಿಸಿತು. ಸೀಟಸ್ ಮಾಡಿದ್ದು ಬೇರೆ ಕೆಲಸ: ಪ್ರತಿ ಸುತ್ತಿನ ಕಾವಿಗೂ ಹಳೆಯ ಕಿಣ್ವ ಕೆಟ್ಟು, ಮತ್ತೆ ಮತ್ತೆ ಹೊಸದನ್ನು ಹಾಕಬೇಕಿದ್ದ ಪಿಸಿಆರ್‌ಗೆ ಟ್ಯಾಕ್ ಅನ್ನು ಒಗ್ಗಿಸಿತು. ಈ ಕೆಲಸದ ಬಗ್ಗೆ ಅದು 1988ರಲ್ಲಿ ಪ್ರಕಟಿಸಿದ ವರದಿಯ ನಂತರ ವಿಧಾನ ಯಂತ್ರಕ್ಕೆ ಇಳಿಯಿತು.

ಗೊಂದಲಕ್ಕೆ ಅಂಕಿಗಳೂ ಕಾರಣ. ಸಿನ್ಸಿನ್ನಾಟಿಯವರು ಹೇಳಿದ ಅಣುತೂಕ ಸುಮಾರು 63ರಿಂದ 68 ಸಾವಿರ, ಸೀಟಸ್ ಹೇಳಿದ್ದು 94 ಸಾವಿರ. ತಮ್ಮದು ಬೇರೆಯೇ ಕಿಣ್ವವೆಂದು ವಾದಿಸಿ ಸೀಟಸ್ 1989ರಲ್ಲಿ ಪೇಟೆಂಟ್ ಪಡೆಯಿತು. 1991ರಲ್ಲಿ ಪಿಸಿಆರ್ ಹಕ್ಕುಗಳು 30 ಕೋಟಿ ಡಾಲರ್‌ಗೆ ಹಾಫ್‌ಮನ್-ಲಾ ರೋಶ್ ಪಾಲಾದವು. ಟ್ಯಾಕ್ ಮಾರುತ್ತಿದ್ದ ಪ್ರೊಮೆಗಾ ಕಂಪನಿಯ ಮೇಲೆ ರೋಶ್ ಮೊಕದ್ದಮೆ ಹೂಡಿದಾಗ, ಪ್ರೊಮೆಗಾ ಹಳೆಯ ಪ್ರಬಂಧಗಳನ್ನೇ ಮುಂದಿಟ್ಟಿತು. ಪೇಟೆಂಟ್ ಕಚೇರಿಯನ್ನು ದಾರಿ ತಪ್ಪಿಸಲಾಗಿದೆ ಎಂದು 1999ರಲ್ಲಿ ನ್ಯಾಯಾಲಯ ಆ ಪೇಟೆಂಟ್ ಜಾರಿಗೆ ಅರ್ಹವಲ್ಲವೆಂದಿತು. 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಕೆಲವು ನಿರ್ಣಯಗಳನ್ನು ತಳ್ಳಿ ಪ್ರಕರಣವನ್ನು ಹಿಂದಕ್ಕೆ ಕಳಿಸಿದರೂ, 2004ರಲ್ಲಿ ಕೆಳ ನ್ಯಾಯಾಲಯ ತನ್ನ ಮಾತಿಗೇ ನಿಂತಿತು.

ಈ ಲಾಭದಲ್ಲಿ ಉದ್ಯಾನಕ್ಕೆ ಬಿಡಿಗಾಸೂ ಬರಲಿಲ್ಲ. ಆ ಪಾಠದಿಂದಲೇ ಉದ್ಯಾನ 1997ರಲ್ಲಿ ಡೈವರ್ಸಾ ಕಂಪನಿಯೊಡನೆ ಪಾಲು ಹಂಚಿಕೆಯ ಒಪ್ಪಂದ ಮಾಡಿಕೊಂಡಿತು. ಅದೂ ಕೋರ್ಟು ಮೆಟ್ಟಿಲೇರಿತು. ಜೀವಿ ಬುಗ್ಗೆಯದೇ ಸ್ವತ್ತೆಂದು ಹೇಳುವುದೂ ಸುಲಭವಲ್ಲ. ಬುಗ್ಗೆಗಳಿಂದ ಬಹುದೂರದ ಊರುಗಳ ಬಿಸಿನೀರಿನ ನಲ್ಲಿಯಲ್ಲೂ ಇದು ಸಿಕ್ಕಿದೆಯೆಂದು 1969ರ ಪ್ರಬಂಧವೇ ದಾಖಲಿಸಿದೆ.