ಗಗಾಕು

ಜಪಾನಿನ ಅರಮನೆ ಸಂಗೀತದ ಹೆಸರು. ‘ಗ’ ಎಂದರೆ ಸೊಗಸು, ‘ಗಾಕು’ ಎಂದರೆ ಸಂಗೀತ. ಪದದ ಮೂಲ ಚೀನಾದ ‘ಯಾಯುಎ’. ಅಲ್ಲಿ ಅದು ಕನ್ಫ್ಯೂಷಿಯಸ್ ಪಂಥದ ವಿಧಿಗಳಿಗೆ ನುಡಿಸುವ ಸಂಗೀತ. ಜಪಾನಿಗೆ ಹೋಗಿ ಸೇರಿದ್ದು ಮಾತ್ರ ಹೆಚ್ಚಾಗಿ ತಾಂಗ್ ದೊರೆಗಳ ಔತಣಕೂಟದ ಸಂಗೀತ. ಹೆಸರು ಪೂಜೆಯದು, ಸರಕು ಪಂಕ್ತಿಯದು!

11ನೆಯ ಶತಮಾನದ ಮುರಸಾಕಿ ಶಿಕಿಬು ಬರೆದ ‘ಗೆಂಜಿ ಮೊನೊಗತಾರಿ’ ಕಾದಂಬರಿಯಲ್ಲಿ ನಾಯಕ ಕುಣಿಯುವ ‘ಸೇಗೈಹಾ’ ಈ ಬಳಗದ್ದೇ. ಫ್ರಾನ್ಸಿನ ಸಂಗೀತ ರಚನಕಾರ ಮೆಸಿಯಾನ್ 1962ರ ‘ಸೆಟ್ ಹೈಕೈ’ ಕೃತಿಯ ಒಂದು ಭಾಗಕ್ಕೆ ‘ಗಗಾಕು’ ಎಂದೇ ಹೆಸರಿಟ್ಟು, ‘ಶೋ’ ಎಂಬ ಬಿದಿರು ಕೊಳವೆಗಳ ಬಾಯಿವಾದ್ಯದ ದನಿಯನ್ನು ಎಂಟು ಪಿಟೀಲುಗಳಿಂದ ಹೊರಡಿಸಿದರು. ಜಪಾನಿನ ಅರಮನೆಯಲ್ಲಿ ವಾದಕರಾಗಿದ್ದ ತೋಗಿ ಹಿದೆಕಿ, ಶಹನಾಯಿಯ ದೂರದ ನಂಟ ‘ಹಿಚಿರಿಕಿ’ಯನ್ನು ಪಿಯಾನೊ ಜೊತೆಗೂ ನುಡಿಸುತ್ತಾರೆ. ಸ್ವರದಿಂದ ಸ್ವರಕ್ಕೆ ಜಾರುವ ಆ ವಾದ್ಯಕ್ಕೆ ಸಿಂಫನಿಗಿಂತ ಜಾಸ್ ಹೆಚ್ಚು ಒಗ್ಗೀತು ಎಂದು ನನ್ನ ಎಣಿಕೆ.